ಒರೆಸದ ಅಚ್ಚು

ಮಠದ ಗೋಡೆಯ ಮೇಲೆ ಶಿಷ್ಯಪರಂಪರೆಯ ಮರ ಬರೆಯುತ್ತಿದ್ದ ಚೆನ್ನಬಸಯ್ಯ ಕುಂಚ ಹಿಡಿದೇ ಬಂದು ಗುರುಗಳನ್ನು ಕೇಳಿದ: "ಬುದ್ಧೀ, ಎಲ್ಲರಿಗೂ ಹಸಿರೆಲೆ ಬರೆಯುತ್ತಿದ್ದೇನೆ. ನನಗಿಂತ ಸ್ವಲ್ಪವೇ ಮುಂಚೆ ದೀಕ್ಷೆ ಪಡೆದ ಕೊಟ್ರಯ್ಯ ಹೂ ಮಾರುವವಳ ಹಿಂದೆ ಹೋದನಲ್ಲ, ಅವನ ಎಲೆಯನ್ನು ಕಪ್ಪಗೆ ಬರೆಯಲೇ?"

ಗುರುಗಳು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ. ಅವನ ಮಗಳನ್ನು ನೋಡಲು ದೊಡ್ಡ ಮನೆತನದವರು ಬರುವವರಿದ್ದರು. ತನ್ನ ಮನೆತನವೇನು ಕಡಿಮೆಯೇ ಎಂದು ಪಡಸಾಲೆಯ ಗೋಡೆಗೆ ವಂಶದ ಮರ ಬರೆಸಲು ಹೊರಟ. ಚಿತ್ರಗಾರನ ಬಳಿ ಇದ್ದದ್ದು ಎಲೆಯಾಕಾರದ ಒಂದೇ ಅಚ್ಚು. ಬಣ್ಣಕ್ಕೆ ಅದ್ದುವುದು, ಒತ್ತುವುದು, ಒಳಗೆ ಹೆಸರು ಬರೆಯುವುದು. ಬಣ್ಣ ಬದಲಾದರೆ ಅಚ್ಚನ್ನು ಒರೆಸಿಕೊಳ್ಳುವುದು.

ತಂಗಿಯ ಸರದಿ ಬಂದಾಗ ವ್ಯಾಪಾರಿ ಹೇಳಿದ, "ಇವಳದು ಕಪ್ಪಗಿರಲಿ."

"ಅಷ್ಟು ಬೇಡವಾಗಿದ್ದರೆ ಬಿಟ್ಟೇಬಿಡೋಣ, ಸಾಹುಕಾರ್ರೇ."

"ಅವಳನ್ನು ಬಿಟ್ಟರೆ ಅವಳ ಮಗ ಯಾವ ಕೊಂಬೆಗೆ ಜೋತುಬೀಳಬೇಕು? ಅವನು ಅಮಲ್ದಾರ ಕಣಯ್ಯ, ಅವನು ಬೇಕು."

ಚಿತ್ರಗಾರ ಕಪ್ಪೆಲೆ ಒತ್ತಿದ. ವ್ಯಾಪಾರಿಯ ಬಾಯಿ ಸುಮ್ಮನಿರಲಿಲ್ಲ. ತಂಗಿ ಗಂಡನನ್ನು ಬಿಟ್ಟು ಬಳೆಗಾರನ ಜೊತೆ ಹೋದದ್ದು, ಹೋಗುವಾಗ ಉಟ್ಟ ಸೀರೆ, ಕಂಡವರು ಯಾರು, ಕಂಡೂ ಕಾಣದಂತಿದ್ದವರು ಯಾರು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದ. ಚಿತ್ರಗಾರ "ಆಮೇಲೆ?" "ಆಮೇಲೆ?" ಎನ್ನುತ್ತಾ ಒತ್ತುತ್ತಲೇ ಹೋದ. ಅಚ್ಚು ಒರೆಸುವುದು ಮರೆತೇಹೋಯಿತು. ತಂಗಿಯ ಮುಂದಿನ ಎಲೆಯೇ ಮಗಳದು. ಹಸಿರಿಗೆ ಬೆರೆತ ಕಪ್ಪು ಹಸಿಯಲ್ಲಿ ಕಾಣಲಿಲ್ಲ.

ಮರುದಿನ ಬೀಗರಾಗುವವರು ಬಂದರು. ಬಣ್ಣ ಒಣಗಿತ್ತು. ಗಂಡಿನ ಅಜ್ಜಿ ಗೋಡೆಯ ಹತ್ತಿರ ಹೋಗಿ, "ಈ ಎಲೆ ಯಾಕೆ ಕಪ್ಪು?" ಎಂದಳು. ವ್ಯಾಪಾರಿ ಅದನ್ನೇ ಕಾಯುತ್ತಿದ್ದವನಂತೆ ಮತ್ತೆ ಶುರುವಿಟ್ಟುಕೊಂಡ. ತಂಗಿ, ಬಳೆಗಾರ, ಸೀರೆ, ಒಂದನ್ನೂ ಬಿಡಲಿಲ್ಲ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಪಕ್ಕದ ಕಪ್ಪಡರಿದ ಎಲೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದಳು:

"ಹಾಗಾದರೆ ನಿಮ್ಮ ಮಗಳು ಯಾರ ಜೊತೆ ಹೋಗಿದ್ದಳು?"

ಅಚ್ಚಿನ ತಪ್ಪೆಂದು ವ್ಯಾಪಾರಿ ಬಡಬಡಿಸಿದ. ತಂಗಿಯ ಕತೆಯನ್ನು ಅಷ್ಟು ಬಾಯಿತುಂಬ ಹೇಳಿದವನು ಈಗ ತೊದಲುವುದನ್ನು ನೋಡಿ ಅವರು ಎಲೆ ಅಡಿಕೆಯನ್ನೂ ಮುಟ್ಟದೆ ಎದ್ದರು. ಒಳಗಿದ್ದ ಮಗಳು ಮುಡಿದ ಹೂವನ್ನು ತಾನೇ ಬಿಚ್ಚಿಟ್ಟಳು.

ಚೆನ್ನಬಸಯ್ಯ ಹೇಳಿದ, "ತಪ್ಪು ಅಚ್ಚು ಒರೆಸದ ಚಿತ್ರಗಾರನದು, ಬುದ್ಧೀ. ನಾನು ಕುಂಚವನ್ನು ಮರೆಯದೆ ಒರೆಸುತ್ತೇನೆ."

ಗುರುಗಳು ಅವನ ಕೈಯಲ್ಲಿದ್ದ ಕುಂಚವನ್ನು ನೋಡಿದರು.

"ಕಪ್ಪಿಗೆ ಈಗಲೇ ಅದ್ದಿಕೊಂಡು ಬಂದಿದ್ದೀಯಲ್ಲ, ಕೊಟ್ರಯ್ಯನ ಮುಂದಿನ ಎಲೆ ಯಾರದು?"