ಹೆಬ್ಬಾತು ನಡೆದ ದಾರಿ

ಹಿಮಾಲಯದ ನೆತ್ತಿಯ ಮೇಲೆ ಹಾರುತ್ತಿದ್ದ ಹೆಬ್ಬಾತೊಂದು ಒಂದು ಬೆಳಿಗ್ಗೆ ರೆಕ್ಕೆ ಉಳುಕಿ ಕೆಳಗಿಳಿಯಿತು. ಅದರ ಬಳಗ ಮೂರು ಶಿಖರಗಳಾಚೆಯ ಸರೋವರದಲ್ಲಿ ತಂಗಿತ್ತು. ಕತ್ತಲಾಗುವುದರೊಳಗೆ ಅಲ್ಲಿಗೆ ಸೇರದಿದ್ದರೆ ನರಿಯ ಬಾಯಿಗೆ ತುತ್ತಾಗುವುದು ಖಂಡಿತ. ಅಲ್ಲೇ ಮೇಯುತ್ತಿದ್ದ ಬೆಟ್ಟದ ಮೇಕೆ, "ನಡಿ ತಂಗಿ, ದಾರಿ ತೋರಿಸುತ್ತೇನೆ" ಎಂದು ಹೊರಟಿತು.

ಮೊದಲ ಶಿಖರ ಹತ್ತುವಷ್ಟರಲ್ಲೇ ಹೆಬ್ಬಾತು ಏದುಸಿರು ಬಿಡುತ್ತಾ, "ಅಯ್ಯೋ, ಮೇಲಿನಿಂದ ಇದು ಇಷ್ಟು ಎತ್ತರ ಕಾಣುತ್ತಲೇ ಇರಲಿಲ್ಲ!" ಎಂದು ಗೊಣಗಿತು. ನಡುವೆ ಸಿಕ್ಕ ಕೊಳಗಳನ್ನು ಅದು ಹಾಯಾಗಿ ಈಜಿ ದಾಟಿತು. ಮೇಕೆ ದಂಡೆ ಸುತ್ತಿ ಓಡಿಬಂದು ಸೇರಿಕೊಂಡಿತು. ಆದರೂ ಏರು ಬಂದಾಗಲೆಲ್ಲ ಹೆಬ್ಬಾತಿನದು ಒಂದೇ ರಾಗ: "ನಿನಗೇನಕ್ಕ, ಗೊರಸಿದೆ. ಕಷ್ಟವೆಲ್ಲ ನನ್ನ ಪಾದಕ್ಕೇ!" ಮೇಕೆ ನಕ್ಕು ಮುಂದೆ ನಡೆಯಿತು.

ಹೊತ್ತು ಮುಳುಗುವ ಮುನ್ನ ಸರೋವರ ಬಂತು. ಬಳಗ ಕೂಗಿ ಕರೆಯಿತು. ನೀರಿಗಿಳಿಯುತ್ತಾ ಹೆಬ್ಬಾತು ಕೇಳಿತು: "ನಿನ್ನ ಮನೆ ಇಲ್ಲೇ ಹತ್ತಿರವೇನಕ್ಕ?"

"ಇಲ್ಲ ತಂಗಿ, ಬೆಳಿಗ್ಗೆ ನೀನು ಇಳಿದೆಯಲ್ಲ, ಅಲ್ಲೇ. ಹಿಂಡು ಕಾಯುತ್ತಿರುತ್ತದೆ, ಬರಲೇ?"

ಹೆಬ್ಬಾತು ದಾಟಿ ಬಂದ ಮೂರು ಶಿಖರಗಳತ್ತ ತಿರುಗಿ ನೋಡಿತು. ಮರುಗಳಿಗೆಯೇ ಅದು ನೀರಿನಿಂದ ಮೇಲೆದ್ದು ಬಂದು, "ತಾಳಕ್ಕ, ಏರಿನ ಬುಡದವರೆಗೆ ನಾನೂ ಬರುತ್ತೇನೆ" ಎಂದು ಬೊಬ್ಬೆಯೆದ್ದ ಪಾದಗಳನ್ನು ಎತ್ತಿಡುತ್ತಾ ಜೊತೆಗೆ ಹೊರಟಿತು.