ದನಿ ತಗ್ಗಿದ ದಿನ

ಹೊಳೆಯ ಮೇಲೆ ಮಂಜು ಇಳಿದಾಗ ಆಚೆ ದಡ ಕಾಣುತ್ತಿರಲಿಲ್ಲ. ಅಲ್ಲಿಯವರ ಮಾತು ಮಾತ್ರ ತೇಲಿ ಬರುತ್ತಿತ್ತು. ಅದು ಬೇರೆಯೇ ಭಾಷೆ. ಕೇಳುತ್ತ ಕೂತರೆ ಎಚ್ಚರವೋ ಕನಸೋ ಎಂದು ನಿಂಗವ್ವನಿಗೆ ತಿಳಿಯುತ್ತಿರಲಿಲ್ಲ.

ಸೂಲಗಿತ್ತಿ ಕಾಳಮ್ಮತಾಯಿಯ ಆಶ್ರಮಕ್ಕೆ ಅವಳು ಶಿಷ್ಯೆಯಾಗಿ ಬಂದು ಮೂರು ವರ್ಷ. ಹೆರಿಗೆ ಮಾಡಿಸುವ ಕೈ ಪಳಗಿತ್ತು. ಆದರೆ ಹೋದ ವರ್ಷ ಆಚೆ ದಡದ ಬಸುರಿಯೊಬ್ಬಳು ನೋವಿನಲ್ಲಿ ಏನನ್ನೋ ಕೂಗಿ ಹೇಳಿದ್ದಳು. ನಿಂಗವ್ವನಿಗೆ ತಿಳಿಯಲಿಲ್ಲ. ಮಗು ಉಳಿಯಲಿಲ್ಲ.

"ಮತ್ತ ಹೆರಿಗಿಗೆ ಹೋಗ್ತೀನಿ ತಾಯಿ," ಅಂದಿದ್ದಳು.

"ಭಾಷೆ ಬರಲಿ, ಹೋಗುವಂತಿ. ನೋವಿನಾಗ ಯಾರೂ ನಿಧಾನಕ ಮಾತಾಡೂದಿಲ್ಲ."

ಅಂದಿನಿಂದ ಬೆಳಗಾದರೆ ದೋಣಿ ಹತ್ತಿ, ಆಚೆಯ ಹೆಂಗಸರ ನಡುವೆ ಬಟ್ಟೆ ಒಗೆಯುತ್ತಿದ್ದಳು. ಕಲಿತ ಮಾತಿಗೊಂದರಂತೆ ಗಡಿಗೆಗೆ ಹುಣಸೆಬೀಜ ಹಾಕುತ್ತಿದ್ದಳು.

"ತಾಯಿ, ಗಡಿಗೆ ತುಂಬೇತಿ. ಭಾಷೆ ಬಂತೇನ್ರಿ?"

"ಹುರಿದ್ರ ಚಲೋ ಆಗ್ತಾವ," ಎಂದು ತಾಯಿ ಹಸುವಿನ ಬಳಿ ಹೋದರು. ಹಾಲು ಕರೆಯುವಾಗ ಗೌರಿಗೆ ಮನೆಯ ಸುದ್ದಿಯನ್ನೆಲ್ಲ ಒಪ್ಪಿಸುವುದು ಅವರ ರೂಢಿ. ಅಂದೂ ಗಂಟಲೆತ್ತಿ ಹೇಳಿದರು: "ನಿನ್ನಿ ಸಾರಿಗೆ ಉಪ್ಪು ಸುರದಾಳ ನೋಡವಾ ಗೌರಿ, ಬಾಯಿಗಿಡಾಕ ಆಗಲಿಲ್ಲ."

ನಿಂಗವ್ವನ ಮುಖ ಸಣ್ಣಗಾಯಿತು.

ಮಳೆಗಾಲ ಹತ್ತಿರವಾಯಿತು. ಹೊಳೆ ತುಂಬಿದರೆ ದೋಣಿ ನಿಲ್ಲುತ್ತದೆ. ಒಂದು ಬೆಳಗ್ಗೆ ಅವಳು ಅರ್ಧ ಒಗೆದ ಬಟ್ಟೆ ಹೊತ್ತು ಬಂದವಳೇ ಕಟ್ಟೆಯ ಮೇಲೆ ಕೂತು ಅತ್ತಳು.

"ಏನಾತವಾ?" ಗೌರಿಯ ಪಕ್ಕದಿಂದಲೇ ತಾಯಿ ಕೇಳಿದರು.

"ಆ ಹೆಣ್ಮಕ್ಕಳು ನನ್ನ ದೂರ ಮಾಡ್ಯಾರ್ರಿ. ಮೊದಲು ನನ್ನ ಮುಂದ ಮನಿ ಗುಟ್ಟೆಲ್ಲ ಜೋರಾಗಿ ಮಾತಾಡ್ತಿದ್ರು. ಈಗ ನಾ ಹೋದ್ರ ದನಿ ಇಳಸ್ತಾರ."

"ಯಾವಾಗಿಂದ?"

"ನಿನ್ನಿಯಿಂದ. ಒಬ್ಬಾಕಿ ಅವರತ್ತಿ ಕದ್ದು ಬೆಲ್ಲ ತಿಂದು, ತಪ್ಪು ಬೆಕ್ಕಿನ ಮ್ಯಾಲೆ ಹಾಕಿದ್ದು ಹೇಳ್ತಿದ್ಲು. ನನಗ ನಗು ತಡಿಲಿಲ್ಲ. ಎಲ್ಲಾರೂ ತಿರುಗಿ ನೋಡಿದ್ರು."

"ಅದಕ ಎಷ್ಟು ಬೀಜ ಹಾಕಿದಿ?"

ನಿಂಗವ್ವ ಕಣ್ಣೊರೆಸಿಕೊಂಡಳು. "ನಗೂದರಾಗ ಮರ್ತೇಬಿಟ್ಟೆ."

ತಾಯಿ ಹಾಲಿನ ತಂಬಿಗೆ ಕೆಳಗಿಟ್ಟರು. "ಬಟ್ಟಿ ಗಂಟು ಕಟ್ಟು. ಮಳಿಗಾಲ ಆಚಿ ದಡದಾಗ ಇರುವಂತಿ."

"ಅವರು ನನ್ನ ಮುಂದ ಬಾಯೇ ಬಿಡವಲ್ರು. ನಾ ಸೋತೀನಿ ತಾಯಿ!"

ಮಂಜು ಕರಗಿ ಆಚೆ ದಡ ಮೆಲ್ಲಗೆ ಕಾಣತೊಡಗಿತ್ತು. ಕಾಳಮ್ಮತಾಯಿ ಹಸುವಿನ ಬೆನ್ನು ಸವರಿದರು.

"ಈ ಗೌರಿ ಮುಂದ ನಾ ಎಂದಾದ್ರೂ ದನಿ ಇಳಿಸೀನೇನವಾ?"