ಹತ್ತು ಮೆಟ್ಟಿಲು, ನಲವತ್ತು ಹುಣಸೆ ಬೀಜ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಎಡಮೀಸೆ ಬೋಳಿಸಿಬಿಡಿ. ಬಲಮೀಸೆ ಕೇಳಬೇಡಿ, ಅದು ಆಗಲೇ ಇನ್ನೊಂದು ಕಥೆಗೆ ಒತ್ತೆ ಬಿದ್ದಿದೆ.

ಈ ಕಥೆಯ ಶಿಷ್ಯ ನಾನೇ. ಹೆಸರು ನಂಜುಂಡಿ. ಆ ಕಾಲಕ್ಕೆ ಮೂರು ತಾಲೂಕಿನಲ್ಲಿ ಲೆಕ್ಕದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನಾಲ್ಕನೆಯ ತಾಲೂಕಿಗೆ ನಾನು ಹೋಗಿರಲಿಲ್ಲ.

ಗುರುಗಳು ಹೊಳೆದಂಡೆಯ ಆಶ್ರಮದಲ್ಲಿದ್ದರು. ಅವರ ಮಾತು ಕಡಿಮೆ. ಆ ಕೊರತೆಯನ್ನು ನಾನು ತುಂಬುತ್ತಿದ್ದೆ.

ಒಂದು ಬೆಳಿಗ್ಗೆ ಏದುಸಿರು ಬಿಡುತ್ತಾ ಓಡಿ ಬಂದೆ. ಗುರುಗಳು ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನಿಂದ ಬೀಜ ಬೇರೆ ಮಾಡುತ್ತಿದ್ದರು.

"ಗುರುಗಳೇ, ಅಕ್ಕನ ಅರವತ್ತು ಸಾವಿರ!"

"ಕಳೆದೆಯಾ?"

"ಇನ್ನೂ ಇಲ್ಲ."

ಅಕ್ಕ ಎಂದರೆ ದೇವೀರಮ್ಮ. ಇಪ್ಪತ್ತೆರಡು ವರ್ಷ ಊರವರ ರವಿಕೆ ಹೊಲಿದು ಕೂಡಿಟ್ಟ ದುಡ್ಡು. ಈಗ ಅವಳ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ. ಡಬ್ಬಿಯನ್ನು ನನ್ನ ಕೈಗಿಟ್ಟು ಹೇಳಿದ್ದಳು:

"ಲೋ ನಂಜುಂಡಿ, ಎಲ್ಲಾದರೂ ಹಾಕು. ವರ್ಷವರ್ಷ ನನ್ನ ಊಟಕ್ಕೆ ಬರಬೇಕು. ಇದು ಹೋದರೆ ನೀನೂ ಅದರ ಹಿಂದೆಯೇ ಹೋಗು."

ಹಾಕುವ ಜಾಗವನ್ನು ದಲ್ಲಾಳಿ ಸಾಂಬಯ್ಯ ತೋರಿಸಿದ್ದ. ಜೋಡಿಗಿಳಿ ಹಂಚಿನ ಕಂಪನಿ. ಅದರ ಚಿಮಣಿ ಹೊಳೆಯಾಚೆ ಕಾಣುತ್ತಿತ್ತು. ಒಂದು ಷೇರಿಗೆ ಆರುನೂರು. ಅಕ್ಕನ ದುಡ್ಡಿಗೆ ಸರಿಯಾಗಿ ನೂರು ಷೇರು. ಶನಿವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

"ಹೋದ ವರ್ಷ ನೂರು ಷೇರಿನ ಪಾಲಿಗೆ ಹನ್ನೆರಡು ಸಾವಿರ ಬಂದಿದೆ ಗುರುಗಳೇ. ಐದೇ ವರ್ಷಕ್ಕೆ ಅಸಲು ವಾಪಸ್ಸು!"

"ಹೋದ ವರ್ಷ ಏನಾಯಿತು?"

"ಬಿರುಗಾಳಿ."

ಆ ಗಾಳಿಯನ್ನು ನೀವು ನೋಡಬೇಕಿತ್ತು. ನಮ್ಮ ಮನೆಯ ಒಂದು ಹಂಚು ಹಾರಿ, ಹೊಳೆ ದಾಟಿ, ಆಚೆ ಊರಿನ ಮಾಡಿನಲ್ಲಿ ಒಂದೇ ಒಂದು ಹಂಚು ಕಡಿಮೆಯಿದ್ದ ಜಾಗ ಹುಡುಕಿಕೊಂಡು ಕೂತಿತು. ಅದರ ಮೇಲೆ ಕೂತಿದ್ದ ಕಾಗೆ ಅಲುಗಾಡಿರಲಿಲ್ಲ. ಉಳಿದವರ ಹಂಚು ಇಷ್ಟು ಜಾಣ ಹಂಚಲ್ಲವಲ್ಲ, ಎಲ್ಲರೂ ಹೊಸದು ಕೊಂಡರು.

"ವರ್ಷವರ್ಷವೂ ಬೀಸುತ್ತದೆಯೇ?"

"ಬೀಸಿದರೂ ಬೀಸಬಹುದು."

ಗುರುಗಳು ಬೀಜದ ರಾಶಿಯನ್ನು ನನ್ನ ಕಡೆ ತಳ್ಳಿದರು.

"ಇಲ್ಲಿ ಹತ್ತು ಮೆಟ್ಟಿಲಿವೆ. ಹತ್ತು ವರ್ಷ ಇಡು."

ಸಾಂಬಯ್ಯ ಕೊಟ್ಟಿದ್ದ ಕಂಪನಿಯ ಹತ್ತು ವರ್ಷದ ವರದಿಗಳು ನನ್ನ ಕಂಕುಳಲ್ಲೇ ಇದ್ದವು. ಮೇಲಿನ ಮೆಟ್ಟಿಲು ಹಳೆಯ ವರ್ಷ, ಕೆಳಗಿನದು ಹೋದ ವರ್ಷ. ನೂರು ರೂಪಾಯಿಗೆ ಒಂದು ಬೀಜ. ಎರಡನೆಯ ಮೆಟ್ಟಿಲಿಗೆ ಇಪ್ಪತ್ತನಾಲ್ಕು. ಒಂಬತ್ತನೆಯದಕ್ಕೆ ಮೂವತ್ತೆಂಟು. ಹತ್ತನೆಯದಕ್ಕೆ ನೂರಿಪ್ಪತ್ತು, ಅರ್ಧ ನೀರಿಗೆ ಉರುಳಿದವು.

"ನೋಡಿ ಗುರುಗಳೇ, ಕೆಳಗಿಳಿದಷ್ಟೂ ದುಡ್ಡು ಮೇಲೇರಿದೆ!"

"ಅಡುಗೆಮನೆ ಗೋಡೆ ನೋಡಿಕೊಂಡು ಬಾ."

ಹಂಚಿನ ಕಂಪನಿಗೂ ಅಡುಗೆಮನೆ ಗೋಡೆಗೂ ಏನು ಸಂಬಂಧ? ತಲೆ ಕೆರೆದುಕೊಳ್ಳುತ್ತಾ ಹೋದೆ.

ಆಶ್ರಮದ ಅಡುಗೆ ಪುಟ್ಟಗೌರಮ್ಮನದು. ಆಕೆ ಪ್ರತಿ ಯುಗಾದಿಯಂದು, ಬೇವುಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮುಂಚೆ, ಒಂದು ಮೂಟೆ ಅಕ್ಕಿಗೆ ಅಂದಿನ ಬೆಲೆಯೆಷ್ಟೋ ಅದನ್ನು ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆಯುತ್ತಿದ್ದಳು. ಸುಣ್ಣ ಬಳಿಯುವವರೂ ಆ ಮೊಳದಗಲ ಜಾಗ ಬಿಟ್ಟು ಬಳಿಯಬೇಕು. ಒಮ್ಮೆ ಬಿಡದೆ ಬಳಿದವನಿಗೆ ಎಂಟು ದಿನ ಬರೀ ಸಾರು ಬಡಿಸಿದ್ದಳು, ಅನ್ನವಿಲ್ಲದೆ.

"ಯಾವ ವರ್ಷದ್ದು ಬೇಕು?" ಎಂದಳು.

"ಹತ್ತು ವರ್ಷದ್ದೂ."

"ಓದಿಕೋ. ಗೋಡೆಗೆ ಒರಗಬೇಡ, ನಿನ್ನ ಬೆನ್ನಿಗೆ ಎರಡು ವರ್ಷ ಅಂಟಿಕೊಂಡಾವು."

ಹತ್ತೂ ಬೆಲೆ ಬರೆದುಕೊಂಡು ಬಂದೆ. ಅಷ್ಟರಲ್ಲಿ ಗುರುಗಳು ನನ್ನ ಬೀಜಗಳನ್ನೆಲ್ಲ ಗುಡಿಸಿ ಮತ್ತೆ ರಾಶಿ ಹಾಕಿದ್ದರು.

"ಅಯ್ಯೋ, ಯಾಕೆ ಗುರುಗಳೇ?"

"ಈಗ ಮೂಟೆಗೊಂದು ಬೀಜ ಇಡು. ಆಯಾ ವರ್ಷದ ದುಡ್ಡಿಗೆ ಆಯಾ ವರ್ಷದ ಅಕ್ಕಿ."

ಎರಡನೆಯ ಮೆಟ್ಟಿಲು. ಕಂಪನಿಯಿಂದ ಎರಡು ಸಾವಿರದ ನಾನೂರು. ಆಗ ಅಕ್ಕಿ ಮೂಟೆಗೆ ನಾನೂರು. ಆರು ಬೀಜ ಇಟ್ಟೆ.

ಒಂಬತ್ತನೆಯ ಮೆಟ್ಟಿಲು. ಮೂರು ಸಾವಿರದ ಎಂಟುನೂರು. ಅಕ್ಕಿ ಒಂಬೈನೂರೈವತ್ತು. ನಾಲ್ಕು ಬೀಜ.

ಬೀಜ ನೋಡಿದೆ. ವರದಿ ನೋಡಿದೆ. ಮತ್ತೆ ಬೀಜ ನೋಡಿದೆ.

"ಗುರುಗಳೇ, ದುಡ್ಡು ಜಾಸ್ತಿಯಾಗಿದೆ, ಅಕ್ಕಿ ಕಡಿಮೆಯಾಗಿದೆ!"

"ಲೆಕ್ಕ ತಪ್ಪಿತೇ?"

"ನಾನು ತಪ್ಪುವುದುಂಟೇ?"

"ನಿನ್ನ ಅಕ್ಕ ಯಾವುದನ್ನು ಉಣ್ಣುತ್ತಾಳೆ?"

ಉತ್ತರ ಗೊತ್ತಿತ್ತು. ಉಳಿದ ಮೆಟ್ಟಿಲುಗಳಿಗೂ ಬೀಜ ಇಟ್ಟೆ.

ಗುರುಗಳು ಒಂದನೆಯ ಮೆಟ್ಟಿಲನ್ನೂ ಆರನೆಯದನ್ನೂ ಬೆರಳಿನಿಂದ ತಟ್ಟಿದರು.

"ಈ ಎರಡು ವರ್ಷ ಆ ಚಿಮಣಿಯಲ್ಲಿ ಹೊಗೆ ಕಾಣಲಿಲ್ಲವಲ್ಲ?"

"ಅದಾ? ಹಂಚು ಸುಡುವ ಗೂಡು ಐದು ವರ್ಷಕ್ಕೊಮ್ಮೆ ಬಿರಿಯುತ್ತದಂತೆ. ಒಡೆದು ಹೊಸದಾಗಿ ಕಟ್ಟಿದರು. ಆದರೂ ಲಾಭ ತೋರಿಸಿದ್ದಾರೆ ಗುರುಗಳೇ, ಇಲ್ಲಿ ನೋಡಿ, ದಪ್ಪಕ್ಷರದಲ್ಲಿದೆ!"

"ಗೂಡು ಕಟ್ಟಿದ ಖರ್ಚು?"

"ಅದು ಬೇರೆ ಪುಟದಲ್ಲಿ. ಸಣ್ಣಕ್ಷರದಲ್ಲಿ."

"ಅದನ್ನೂ ಕಳೆದರೆ ಕೈಯಲ್ಲಿ ಉಳಿದದ್ದೆಷ್ಟು?"

ಕಳೆದೆ. ಇನ್ನೊಮ್ಮೆ ಕಳೆದೆ. ಆಚೆಯಿಂದ ಈಚೆಗೂ ಕಳೆದೆ.

"ಏನೂ ಇಲ್ಲ. ಮೇಲಿಂದ ಸಾಲ. ಒಂದರಲ್ಲಿ ಮೂರು ಮೂಟೆ, ಇನ್ನೊಂದರಲ್ಲಿ ನಾಲ್ಕು."

"ಪಕ್ಕದ ಮೆಟ್ಟಿಲಿಂದ ತೆಗೆ."

ಅಲ್ಲಿಗೆ ನನ್ನ ಅರ್ಧ ತಲೆ ಕೆಟ್ಟಿತು. ಇಡಲು ಹೇಳಿದವರು ತೆಗೆ ಎನ್ನುತ್ತಿದ್ದಾರೆ.

"ಗುರುಗಳೇ, ಒಂದು ಮಾತು. ಗೂಡು ಬಿರಿಯುವುದು ಅಪರೂಪ. ಆ ಎರಡು ವರ್ಷ ಬಿಟ್ಟುಬಿಡೋಣ."

"ಬಿಡು. ಬಿರುಗಾಳಿಯ ವರ್ಷ?"

"ಅದಿರಲಿ."

ಗುರುಗಳು ನಗಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಪುಟ್ಟಗೌರಮ್ಮ ನಕ್ಕಳು.

ಗೂಡಿನ ವರ್ಷಗಳೂ ಗಾಳಿಯ ವರ್ಷವೂ ಇರಲಿ ಎಂದಾಯಿತು. ಗೂಡು ಬಿರಿದ ಎರಡು ಮೆಟ್ಟಿಲನ್ನೂ ಬರಿದು ಮಾಡಿ, ಸಾಲಕ್ಕೆಂದು ಪಕ್ಕದವುಗಳಿಂದ ಏಳು ಬೀಜ ತೆಗೆದೆ. ಹತ್ತೂ ಮೆಟ್ಟಿಲಿನ ಬೀಜ ಒಟ್ಟು ಮಾಡಿ ಎಣಿಸಿದೆ. ನಲವತ್ತು.

"ಈಗ ಹತ್ತು ಮೆಟ್ಟಿಲಿಗೂ ಸಮವಾಗಿ ಹಂಚು."

ಒಂದೊಂದಕ್ಕೆ ನಾಲ್ಕು ನಾಲ್ಕು ಬಂತು. ಗುರುಗಳು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಇದು ನಿನ್ನ ಹಂಚಿನ ಕಂಪನಿ."

ಆಮೇಲೆ ಬೇರೆಯಾಗಿ ಒಂದು ಗುಡ್ಡೆ ಮಾಡಿದರು. ಆಗ ಅಕ್ಕಿ ಮೂಟೆಗೆ ಸಾವಿರ. ಅಕ್ಕನ ಅರವತ್ತು ಸಾವಿರಕ್ಕೆ ಅರವತ್ತು ಬೀಜ.

"ಈ ಅರವತ್ತು ಕೊಡುತ್ತೀಯ. ವರ್ಷಕ್ಕೆ ನಾಲ್ಕು ತೆಗೆದುಕೊಳ್ಳುತ್ತೀಯ. ಅಕ್ಕನಿಗೆ ವಯಸ್ಸೆಷ್ಟು?"

"ಐವತ್ತೆಂಟು."

ಅರವತ್ತೂ ವಾಪಸ್ಸು ಬರಲು ಹದಿನೈದು ವರ್ಷ. ಆಗ ಅವಳಿಗೆ ಎಪ್ಪತ್ತಮೂರು. ಇಷ್ಟು ಬೇಗ ನಾನು ಯಾವ ಲೆಕ್ಕವನ್ನೂ ಮಾಡಿರಲಿಲ್ಲ, ಮಾಡಿ ಇಷ್ಟು ಬೇಜಾರೂ ಪಟ್ಟಿರಲಿಲ್ಲ.

"ಹಾಗಾದರೆ ಕೊಳ್ಳಬೇಡ ಅಂತಲಾ?"

"ಹಾಗಂದೆನೇ?"

"ಕೊಳ್ಳಲಾ ಮತ್ತೆ?"

"ಹಾಗೂ ಅನ್ನಲಿಲ್ಲ."

"ನನ್ನ ಪ್ರಾಣ ತಿನ್ನಬೇಡಿ ಗುರುಗಳೇ. ಏನು ಮಾಡಲಿ?"

"ಅಸಲು ಮರಳಲು ಎಷ್ಟು ವರ್ಷ ಕಾಯುತ್ತಾಳೋ ಅವಳನ್ನು ಕೇಳು. ದುಡ್ಡು ನಿನ್ನದಲ್ಲ."

ಅಕ್ಕನನ್ನು ಕೇಳಿದೆ. "ಹತ್ತು ವರ್ಷ. ಅದರ ಮೇಲೆ ಒಂದು ದಿನವೂ ಇಲ್ಲ" ಎಂದಳು. ಹತ್ತು ವರ್ಷಕ್ಕೆ ನಲವತ್ತು ಮೂಟೆ. ನಲವತ್ತು ಸಾವಿರ. ಷೇರಿಗೆ ನಾನೂರು.

ಶನಿವಾರ ಸಾಂಬಯ್ಯನ ಅಂಗಡಿಗೆ ಹೋಗಿ ಎದೆ ಉಬ್ಬಿಸಿ ಹೇಳಿದೆ: "ನಾನೂರಾದರೆ ತಗೊಳ್ತೀನಿ."

ಅವನು ಕುಡಿಯುತ್ತಿದ್ದ ಚಹಾ ಮೂಗಿನಿಂದ ಬಂತು.

"ನಾನೂರಕ್ಕೆ ಷೇರು ಸಿಗಲ್ಲ ನಂಜುಂಡಪ್ಪನವರೇ. ಹಂಚು ಕೊಡಿಸ್ತೀನಿ. ಒಡೆದಿರೋದು."

ಒಂದೇ ತಿಂಗಳಿಗೆ ಷೇರು ಒಂಬೈನೂರಾಯಿತು. ಊರಲ್ಲಿ ತಲೆಯೆತ್ತಿ ನಡೆಯಲಾಗದಂತಾಯಿತು. ಅಕ್ಕ ನನ್ನ ಮುದ್ದೆಗೆ ತುಪ್ಪ ಹಾಕುವುದನ್ನು ನಿಲ್ಲಿಸಿದಳು. ತಡೆಯಲಾರದೆ ಘಟ್ಟಕ್ಕೆ ಓಡಿದೆ. ಗುರುಗಳು ಸೊಂಟಮಟ್ಟ ನೀರಿನಲ್ಲಿದ್ದರು.

"ಆರುನೂರಿದ್ದದ್ದು ಒಂಬೈನೂರು ಗುರುಗಳೇ! ಈಗಲಾದರೂ ತಗೊಳ್ಳಲಾ?"

"ಮೆಟ್ಟಿಲ ಮೇಲೆ ಎಷ್ಟಿದೆ?"

ಬೀಜಗಳು ಎಂದೋ ಹೊಳೆಯ ಪಾಲಾಗಿದ್ದವು. ಆದರೂ ಹೇಳಿದೆ.

"ನಾಲ್ಕು."

ಗುರುಗಳು ಮೂಗು ಹಿಡಿದು ಮುಳುಗಿದರು. ನಾನು ಕಾದೆ. ಅವರು ಎಷ್ಟು ಹೊತ್ತು ಮುಳುಗಿದ್ದರೆಂದರೆ, ಪುಟ್ಟಗೌರಮ್ಮ ಬಂದು ಅನ್ನ ಬೆಂದಿದೆ ಎಂದು ನೀರಿಗೆ ಕೂಗಿ ಹೇಳಿ ಹೋದಳು.

ದೀಪಾವಳಿ ಕಳೆದು ಒಂದು ವಾರಕ್ಕೆ ಚಿಮಣಿಯ ಹೊಗೆ ನಿಂತಿತು. ಹಳೆಯ ಗೂಡಿಗೆ ಐದು ವರ್ಷ ತುಂಬಿತ್ತು, ಬಿರಿಯಿತು. ಜನ ಕಂಪನಿಯೇ ಮುಳುಗಿತು ಎಂದರು. ಕೊಂಡವರು ಮಾರಲು ಮುಗಿಬಿದ್ದರು. ಸಾಂಬಯ್ಯ ತಾನೇ ನಮ್ಮ ಜಗಲಿಗೆ ಬಂದು ಕೂತ.

"ಮುನ್ನೂರೈವತ್ತು. ನಿಮಗೆ ಅಂತ."

ಈಗ ಅಕ್ಕ ತಗೋ ಎನ್ನುತ್ತಾಳೆ. ನನಗೋ, ಆರುನೂರಿದ್ದಾಗ ಬೇಕೆನಿಸಿದ್ದು, ಒಂಬೈನೂರಿದ್ದಾಗ ಇನ್ನೂ ಬೇಕೆನಿಸಿದ್ದು, ಮುನ್ನೂರೈವತ್ತಕ್ಕೆ ಸಿಕ್ಕಾಗ ಬೇಡವೆನಿಸುತ್ತಿದೆ. ಮೂರು ತಾಲೂಕಿನ ಲೆಕ್ಕಿಗನ ಸ್ಥಿತಿ ಇದು.

ಮತ್ತೆ ಘಟ್ಟಕ್ಕೆ ಓಡಿದೆ.

"ಗುರುಗಳೇ, ಗೂಡು ಬಿರಿದಿದೆ!"

"ಗೂಡು ಬಿರಿಯುವುದನ್ನೂ ಸೇರಿಸಿ ತಾನೇ ಎಣಿಸಿದ್ದು? ಎಷ್ಟು ಬಂತು?"

"ನಾಲ್ಕು."

"ಮತ್ತೆ ಇಲ್ಲಿಗೇಕೆ ಬಂದೆ?"

ನೂರು ಷೇರು ಕೊಂಡೆವು. ಮೂವತ್ತೈದು ಸಾವಿರ ಹೋಯಿತು. ಇಪ್ಪತ್ತೈದು ಸಾವಿರ ಅಕ್ಕನ ಡಬ್ಬಿಯಲ್ಲೇ ಉಳಿಯಿತು. ಅದಕ್ಕೂ ಷೇರು ಕೊಳ್ಳೋಣ, ಇಷ್ಟು ಅಗ್ಗಕ್ಕೆ ಇನ್ನೆಂದು ಸಿಕ್ಕೀತು ಎಂದು ನಾನು ಕುಣಿದೆ. ಅಕ್ಕ ಡಬ್ಬಿಯ ಮೇಲೆ ಕೂತುಬಿಟ್ಟಳು.

ಮೊದಲ ವರ್ಷ ಕಂಪನಿಯಿಂದ ಬಂದದ್ದು ಸೊನ್ನೆ. ಹೊಸ ಗೂಡು ಎಲ್ಲವನ್ನೂ ನುಂಗಿತು. ಅಕ್ಕ ಡಬ್ಬಿಯ ದುಡ್ಡಿನಲ್ಲಿ ಉಂಡಳು, ತುತ್ತಿಗೊಮ್ಮೆ ನನ್ನನ್ನು ಬೈದಳು. ಆಮೇಲೆ ಒಂದು ವರ್ಷ ಮೂರು ಮೂಟೆಯಷ್ಟು ಬಂತು, ಒಂದು ವರ್ಷ ಆರು. ಈಗಲೂ ಉಣ್ಣುತ್ತಿದ್ದಾಳೆ. ಬೈಯುವುದನ್ನೂ ನಿಲ್ಲಿಸಿಲ್ಲ. ನಾನು ಗೆದ್ದೆನೋ ಸೋತೆನೋ ಇವತ್ತಿಗೂ ನನಗೆ ಸರಿಯಾಗಿ ತಿಳಿಯದು. ತುಪ್ಪ ಮಾತ್ರ ವಾಪಸ್ಸು ಬಂದಿದೆ.

ಇದಿಷ್ಟೂ ನಿಜ. ಗಾಳಿ, ಹಂಚು, ಕಾಗೆ, ಎಲ್ಲಾ.

ಸರಿ, ಎಡಮೀಸೆಯ ಮೇಲೆ ಕೈಯಿಟ್ಟು ಹೇಳಿಬಿಡುತ್ತೇನೆ. ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು. ಆ ದಿನ ಬೀಜ ಎಣಿಸಿದಾಗ ಸರಿಯಾಗಿ ನಲವತ್ತು ಬರಲಿಲ್ಲ. ಮೂರು ಸಲ ಎಣಿಸಿದರೂ ನಲವತ್ತೊಂದು. ಹತ್ತು ಮೆಟ್ಟಿಲಿಗೂ ನಾಲ್ಕು ನಾಲ್ಕು ಹಂಚಿದ ಮೇಲೆ ಒಂದು ಬೀಜ ನನ್ನ ಅಂಗೈಯಲ್ಲೇ ಉಳಿಯಿತು. ಅದನ್ನು ಹಿಡಿದು ಮೇಲಿನ ಮೆಟ್ಟಿಲಿಗೂ ಕೆಳಗಿನ ಮೆಟ್ಟಿಲಿಗೂ ಓಡಾಡಿದೆ.

"ಗುರುಗಳೇ, ಇದು ಯಾವ ವರ್ಷದ್ದು? ಎಲ್ಲಿಡಲಿ?"

ಗುರುಗಳು ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು.

"ಅದು ನಿನಗೆ ಗೊತ್ತಿಲ್ಲದ್ದು, ಮರಿ. ಯಾವ ಮೆಟ್ಟಿಲ ಮೇಲೂ ಇಡಬೇಡ. ಕೈಯಲ್ಲೇ ಇಟ್ಟುಕೊಂಡು ಹೋಗು."